ಟೀಕೆ ಕೇಳಿ ಬದಲಾದ ಪೋಪ್

2018ರ ಜನವರಿಯಲ್ಲಿ ಚಿಲಿ ಪ್ರವಾಸದಲ್ಲಿದ್ದ ಪೋಪ್ ಫ್ರಾನ್ಸಿಸ್ ಅವರನ್ನು ಪತ್ರಕರ್ತರು ಒಸೋರ್ನೋದ ಬಿಷಪ್ ಹ್ವಾನ್ ಬಾರೋಸ್ ಬಗ್ಗೆ ಕೇಳಿದರು. ಪಾದ್ರಿಯೊಬ್ಬನ ಲೈಂಗಿಕ ದೌರ್ಜನ್ಯವನ್ನು ಬಾರೋಸ್ ಮುಚ್ಚಿಟ್ಟರೆಂಬುದು ಸಂತ್ರಸ್ತರ ಆರೋಪ. ಬಾರೋಸ್ ಅದನ್ನು ಅಲ್ಲಗಳೆದಿದ್ದರು. ಪುರಾವೆ ತನ್ನಿ, ಇದೆಲ್ಲ ಅಪನಿಂದೆ ಎಂದುಬಿಟ್ಟರು ಪೋಪ್.

ಆ ಮಾತು ಸಂತ್ರಸ್ತರಿಗೆ ತೀವ್ರ ನೋವು ತಂದಿದೆ ಎಂದು ಬಾಸ್ಟನ್ನಿನ ಕಾರ್ಡಿನಲ್ ಶಾನ್ ಒಮ್ಯಾಲಿ ಬಹಿರಂಗವಾಗಿಯೇ ಹೇಳಿದರು. ಪೋಪ್ ಮೊದಲು ಕ್ಷಮೆ ಕೇಳಿದ್ದು ಬಳಸಿದ ಪದಕ್ಕಷ್ಟೇ. ಅದು ಸಾಲದಾಗಿತ್ತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ: ಆರ್ಚ್‌ಬಿಷಪ್ ಚಾರ್ಲ್ಸ್ ಶಿಕ್ಲೂನಾ ಅವರನ್ನು ತನಿಖೆಗೆ ಕಳಿಸಿದರು. ಸುಮಾರು 2,300 ಪುಟಗಳ ವರದಿ ಬಂದ ಮೇಲೆ, ಏಪ್ರಿಲ್‌ನಲ್ಲಿ, ತಮ್ಮ ಗ್ರಹಿಕೆಯಲ್ಲಿ ಗಂಭೀರ ತಪ್ಪುಗಳಾಗಿವೆ ಎಂದು ಪತ್ರ ಬರೆದರು. ಮೂವರು ಸಂತ್ರಸ್ತರನ್ನು ತಾವು ವಾಸವಿದ್ದ ಸಾಂತಾ ಮಾರ್ತಾ ವಸತಿಗೃಹಕ್ಕೇ ಕರೆಸಿ, ಒಬ್ಬೊಬ್ಬರ ಮಾತನ್ನೂ ಪ್ರತ್ಯೇಕವಾಗಿ ಆಲಿಸಿದರು.

ಹಿರಿಯರು ಬಹಿರಂಗ ಟೀಕೆಗೆ ಕಿವಿಗೊಡಬೇಕಾಗಿ ಬರುವುದು ಕ್ರೈಸ್ತರಿಗೆ ಹೊಸದಲ್ಲ. ಅಂತಿಯೋಕ್ಯದಲ್ಲಿ ಪೌಲನು, ಮೊದಲ ಪೋಪ್ ಎಂದು ಕ್ಯಾಥೊಲಿಕರು ಕಾಣುವ ಪೇತ್ರನನ್ನೇ ಎಲ್ಲರೆದುರು ತರಾಟೆಗೆ ತೆಗೆದುಕೊಂಡ ಪ್ರಸಂಗವನ್ನು ಸಭೆ ಬೈಬಲಿನಲ್ಲಿ ಹಾಗೆಯೇ ಉಳಿಸಿಕೊಂಡಿದೆ. ಪೀಠ ದೊಡ್ಡದಾದಷ್ಟೂ ಕಿವಿಯೂ ದೊಡ್ಡದಿರಬೇಕು. ಕ್ಷಮೆಯ ಬೆನ್ನಿಗೆ ಕ್ರಮವೂ ಬರಬೇಕು.

ಜೂನ್‌ನಲ್ಲಿ ಬಾರೋಸ್ ರಾಜೀನಾಮೆ ಅಂಗೀಕಾರವಾಯಿತು. ಒಸೋರ್ನೋದ ಭಕ್ತರು 2015ರಿಂದಲೇ ಬೀದಿಗಿಳಿದು ಕೇಳಿದ್ದು ಅದನ್ನೇ. ಆ ಮೂರು ವರ್ಷಗಳ ಕಿವುಡುತನವನ್ನು ಮನ್ನಿಸುವುದು ಕಷ್ಟ.