ಫಾರ್ಮ್ಯಾಟ್ ಹೊಡೆಯೋ ಮುಂಚೆ ಚಾರ್ಟ್ ನೋಡ್ರಪ್ಪ (ಭಾಗ 6)

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತಲ್ಲ, ಆಮೇಲೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದೇ ಗೋಳು. ವಿಂಡೋಸ್ 11 ಹಾಕಿಸಿದ್ವಿ, ಈಗ ನಡುನಡುವೆ ತಾನೇ ರೀಸ್ಟಾರ್ಟ್ ಆಗ್ತದೆ ಅಂತ. ಅಂಗಡಿಯವರದ್ದೂ ಒಂದೇ ಮಂತ್ರ: "ಫಾರ್ಮ್ಯಾಟ್ ಹೊಡೀಬೇಕು ಸಾರ್, ಇಲ್ಲಾಂದ್ರೆ ಹೊಸದು ತಗೊಳ್ಳಿ."

ನಂಗೆ ಉರಿಯೋದು ಇಲ್ಲೇ. ವಾರ್ಡಲ್ಲಿ ಪೇಷೆಂಟ್ ತಲೆ ತಿರುಗಿ ಬಿದ್ರೆ ಬಿಪಿ, ಶುಗರ್ ನೋಡ್ತೀವಿ, ನಿನ್ನೆಯಿಂದ ಯಾವ ಹೊಸ ಮಾತ್ರೆ ಶುರುವಾಗಿದೆ ಅಂತ ಚಾರ್ಟ್ ತೆಗೀತೀವಿ. ಸೀದಾ ಆಪರೇಷನ್ ಥಿಯೇಟರಿಗೆ ತಳ್ತೀವಾ? ಕಂಪ್ಯೂಟರಿಗೂ ಚಾರ್ಟ್ ಇದೆ ಮಾರಾಯ್ರೆ. ಸ್ಟಾರ್ಟ್ ಒತ್ತಿ 'ರಿಲಯಬಿಲಿಟಿ' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ಯಾವ ದಿನ ಏನು ಕೈಕೊಟ್ಟಿತು, ಅದಕ್ಕೆ ಮುಂಚೆ ಹೊಸದಾಗಿ ಏನು ಸೇರಿತು, ಎಲ್ಲ ತಾರೀಖು ಸಮೇತ ಇರ್ತದೆ. ಹಳೇ ಗ್ರಾಫಿಕ್ಸ್, ವೈಫೈ ಡ್ರೈವರ್ ಹೊಸ ಸಿಸ್ಟಮ್ಮಿಗೆ ಒಗ್ಗದೇ ಇರೋದು ಮಾಮೂಲಿ. ಲ್ಯಾಪ್‌ಟಾಪ್ ಕಂಪನಿಯ ಸೈಟಿಂದಲೇ ಹೊಸದು ಹಾಕಿ. ಆಗಲೂ ನಿಲ್ಲದಿದ್ರೆ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಓಡಿಸಿ. ರ‍್ಯಾಮೇ ಕೆಟ್ಟಿದ್ರೆ ನೂರು ಸಲ ಫಾರ್ಮ್ಯಾಟ್ ಹೊಡೆದ್ರೂ ಅಷ್ಟೇ. ಅಪ್‌ಗ್ರೇಡ್ ಮಾಡಿ 10 ದಿನ ಆಗಿಲ್ಲಾಂದ್ರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ. 'ಗೋ ಬ್ಯಾಕ್' ಇರ್ತದೆ, ಹಳೇದಕ್ಕೇ ವಾಪಸ್ ಹೋಗಬಹುದು. ಇದನ್ನ ಅಂಗಡಿಯಲ್ಲಿ ಯಾಕೆ ಹೇಳ್ತಾರೆ, ದುಡ್ಡು ಹುಟ್ಟಲ್ವಲ್ಲ!

ದೊಡ್ಡಪ್ಪನ ಲ್ಯಾಪ್‌ಟಾಪ್‌ಗೆ ಕಾಪಿನೂ ತಗೊಳ್ಳದೆ ಫಾರ್ಮ್ಯಾಟ್ ಹೊಡೆದ್ರು. ಅಡಿಕೆ ತೋಟದ ಒಂಬತ್ತು ವರ್ಷದ ಲೆಕ್ಕ ಹೋಯ್ತು, ದೊಡ್ಡಮ್ಮನ ಕೊನೇ ಫೋಟೋಗಳೂ ಹೋದವು. ಮೂರನೇ ದಿನಕ್ಕೆ ಮತ್ತದೇ ಕಥೆ. "ನೀವೇ ಏನೋ ಒತ್ತಿರ್ತೀರಿ ಯಜಮಾನ್ರೇ" ಅಂದನಂತೆ ಆಸಾಮಿ.

ಯಾರಾದ್ರೂ ಫಾರ್ಮ್ಯಾಟ್ ಅಂದ್ರೆ, "ಮೊದಲು ಎಲ್ಲಾ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ಕೊಡಿ" ಅನ್ನಿ. ಒಪ್ಪದಿದ್ರೆ ಎತ್ಕೊಂಡು ಬಂದು ನಂಗೆ ವಿಡಿಯೋ ಕಾಲ್ ಮಾಡಿ. ನೈಟ್ ಡ್ಯೂಟಿ ಮುಗಿದ ಮೇಲೆ ಸಿಗ್ತೀನಿ, ಊರಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು.