ಚಿಟ್ಟೆಯ ಚಿತ್ರ ಯಾರ ಸ್ವತ್ತು?

ಹೂವಿನ ಮೇಲೆ ಕುಳಿತ ಚಿಟ್ಟೆಯ ಫೋಟೋ ತೆಗೆಯುವುದು ಉಳ್ಳವರ ಶೋಕಿ ಎಂಬ ಭಾವನೆ ನಮ್ಮ ಕಾರ್ಮಿಕ ಬಂಧುಗಳಲ್ಲಿ ಬೇರೂರಿದೆ. ಕಾರಣವಿಲ್ಲದೆ ಅಲ್ಲ. ಲಕ್ಷಾಂತರ ರೂಪಾಯಿಯ ಕ್ಯಾಮರಾ ಹೆಗಲಿಗೇರಿಸಿ ಭಾನುವಾರ ಕಾರಿನಲ್ಲಿ ಬಂದಿಳಿಯುವ ಮಹಾಶಯರನ್ನೇ ನಾವು ಕಂಡಿರುವುದು. ಆದರೆ ಹನಕೆರೆಯ ಬದುಗಳ ಮೇಲೆ ಹಾರಾಡುವ ಚಿಟ್ಟೆ, ದುಂಬಿ, ಜೇನುಗಳ ಲೆಕ್ಕ ಇಡಬೇಕಾದವರು ಅವರಲ್ಲ, ಇಲ್ಲಿಯೇ ದುಡಿದು ಉಣ್ಣುವವರು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ವ್ಯಾಪಾರದ ಮಾತು. ಮಂಡ್ಯ ಮದ್ದೂರುಗಳ ನಡುವಿನ ಈ ನಾಲಾ ಬಯಲಿನಲ್ಲಿ ಕಣ್ಣಿಗೆ ತುಂಬುವುದು ಕಬ್ಬು ಮತ್ತು ಭತ್ತ. ಭತ್ತ ತನ್ನಷ್ಟಕ್ಕೆ ತಾನೇ ಕಾಳುಕಟ್ಟುತ್ತದೆ. ಕಬ್ಬನ್ನು ತುಂಡು ನೆಟ್ಟು ಬೆಳೆಯುತ್ತೇವೆ. ಇವೆರಡಕ್ಕೂ ಜೇನಿನ ಹಂಗಿಲ್ಲ. ಅದರಿಂದಲೇ ಜೇನು ನಮಗೆ ಮರೆತುಹೋಗಿದೆ. ಆದರೆ ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂರುವ ವ್ಯಾಪಾರಿ ಮಾರುವ ಕುಂಬಳ, ಹೀರೆ, ಸೋರೆ, ಸೌತೆಗಳ ಕಥೆ ಬೇರೆ. ಇವುಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ಕೂಲಿಯಾಳು ಜೇನು. ಪರಾಗ ಸಾಲದೆ ಹೋದರೆ ಹೀಚು ಹಳದಿಯಾಗಿ ಉದುರುತ್ತದೆ, ಇಲ್ಲವೇ ಸೌತೆ ಸೊಟ್ಟಗಾಗುತ್ತದೆ. ಸೊಟ್ಟ ಕಾಯಿಗೆ ಎಷ್ಟು ಬೆಲೆ ಎಂಬುದನ್ನು ವ್ಯಾಪಾರಿಗೆ ನಾವು ಹೇಳಬೇಕಾಗಿಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಕೊಡುವ ತೆಂಗಿನ ಹೊಂಬಾಳೆಗೂ ಗಾಳಿಯ ಜೊತೆ ಜೇನಿನ ನೆರವು ಬೇಕು. ನಿಜ ಹೇಳುವುದಾದರೆ ಈ ಕೆಲಸದಲ್ಲಿ ಚಿಟ್ಟೆಗಿಂತ ಜೇನೇ ಗಟ್ಟಿಗ. ಬಣ್ಣದ ಕೀರ್ತಿ ಒಬ್ಬರಿಗೆ, ದುಡಿಮೆ ಇನ್ನೊಬ್ಬರದು. ಮನುಷ್ಯರಲ್ಲಿಯೂ ಇದು ಹೊಸತಲ್ಲವಷ್ಟೆ!

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ಪೆಟ್ಟಿಗೆಯಲ್ಲಿ ಸಾಕಿದವರಿಗೆ ನಷ್ಟ ತಿಳಿಯಿತು. ಮರದ ಪೊಟರೆಯಲ್ಲಿದ್ದ ಜೇನು ಹೋದದ್ದನ್ನು ಬರೆದಿಟ್ಟವರು ಯಾರು? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಬದಲಿ ಕಾರ್ಮಿಕನ ಗತಿಯೇ ಅವುಗಳದ್ದೂ ಆಯಿತು. ತಾರೀಖು ಮತ್ತು ಜಾಗ ನಮೂದಿಸಿದ ಒಂದು ಫೋಟೋ ಎಂದರೆ ಆ ಹಾಜರಿಯೇ. ನಾಳೆ ಬದುವಿಗೆ ಕಳೆನಾಶಕ ಹೊಡೆದು ತುಂಬೆ, ಎಕ್ಕಗಳು ಒಣಗಿದ ಮೇಲೆ ಇಲ್ಲಿ ಏನಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

ಇದಕ್ಕೆ ದೊಡ್ಡ ಕ್ಯಾಮರಾ ಬೇಡ, ಜೇಬಿನ ಫೋನು ಸಾಕು. ಎಳೆಬಿಸಿಲಿನಲ್ಲಿ ಚಿಟ್ಟೆ ರೆಕ್ಕೆ ಬಿಡಿಸಿ ಮೈ ಕಾಯಿಸಿಕೊಳ್ಳುತ್ತದೆ. ನಮ್ಮ ನೆರಳು ಅದರ ಮೇಲೆ ಬೀಳದಂತೆ ಬಗ್ಗಿ, ನಿಧಾನವಾಗಿ ಹತ್ತಿರ ಹೋಗಬೇಕು. ನಾಲೆಯ ದಡದ ಒದ್ದೆ ಮಣ್ಣಿನಲ್ಲಿ ಉಪ್ಪಿನಂಶ ಹೀರಲು ಗುಂಪಾಗಿ ಕುಳಿತಾಗ ಇನ್ನೂ ಸುಲಭ. ಹೆಜ್ಜೇನಿನ ಹತ್ತಿರ ಮಾತ್ರ ಈ ಸಾಹಸ ಬೇಡ. ಚಿಟ್ಟೆಯನ್ನು ಹಿಡಿದು ಐಸಿನಲ್ಲಿಟ್ಟು, ಜಡವಾದದ್ದನ್ನು ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಅದು ಶುದ್ಧ ಮೋಸ.

ಹೆಸರಿನ ವಿಷಯವೂ ಒಂದಿದೆ. ಭಾರತದ ಚಿಟ್ಟೆಗಳ ಮೇಲಿನ ಹೆಸರಾಂತ ಗ್ರಂಥಗಳನ್ನು ಬರೆದವರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳಿದ್ದರು: 1905 ಮತ್ತು 1907ರಲ್ಲಿ ಬಿಂಗ್‌ಹ್ಯಾಮ್, 1927ರಲ್ಲಿ ಇವಾನ್ಸ್. ಅವರ ಶ್ರಮ ದೊಡ್ಡದು. ಆದರೆ ಇಂದಿಗೂ ಬಳಕೆಯಲ್ಲಿರುವ ಇಂಗ್ಲಿಷ್ ಹೆಸರುಗಳನ್ನು ನೋಡಿ: ಕಮಾಂಡರ್, ಸಾರ್ಜೆಂಟ್, ಬ್ಯಾರನ್, ರಾಜ, ನವಾಬ್! ಒಕ್ಕಲು ಮಗನ ಹೆಸರು ಹೊತ್ತ ಚಿಟ್ಟೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಹುಳು ತಿನ್ನುವ ಗಿಡದಿಂದಲೇ ಎಕ್ಕದ ಚಿಟ್ಟೆ, ಕರಿಬೇವಿನ ಚಿಟ್ಟೆ ಎಂದು ಕರೆದರೆ ಶಾಲಾ ಮಕ್ಕಳಿಗೆ ಗಿಡವೂ ಚಿಟ್ಟೆಯೂ ಒಟ್ಟಿಗೆ ತಿಳಿಯುತ್ತವೆ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಒಂದು ಸಮಿತಿ ಇರಬೇಕು; ಊರಿನ ಗಿಡಮರ, ಪ್ರಾಣಿ, ಕೀಟಗಳ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಜನರನ್ನು ಕೇಳಿಯೇ ಅದು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವನ್ನೂ ಹಾಕಿತ್ತು. ಮುಂದಿನ ಗ್ರಾಮಸಭೆಯಲ್ಲಿ ಹನಕೆರೆಯ ಜನ ಆ ದಾಖಲಾತಿಯನ್ನು ಮೇಜಿನ ಮೇಲೆ ಇಡಿಸಿ, ಅದರಲ್ಲಿ ಎಷ್ಟು ಬಗೆಯ ಚಿಟ್ಟೆ, ಎಷ್ಟು ಬಗೆಯ ಜೇನು ಬರೆದಿದೆ ಎಂದು ಓದಿಸಲಿ. ಬಿಟ್ಟುಹೋದವುಗಳ ಫೋಟೋಗಳಿಗೆ ತಾರೀಖು, ಜಾಗ ಬರೆದು ಸಮಿತಿಯ ಕೈಗೆ ಕೊಟ್ಟು, ರಸೀದಿ ಪಡೆದು ಬರಲಿ.