ಗೃಹವಿಚಾರ: ಸ್ನಾನದ ತೊಟ್ಟಿಯ ತೂಬು

ಕಣ್ಣಿಗೆ ಕಾಣುವ ಕೆಲಸಕ್ಕೆ ಧಾರಾಳವಾಗಿ ಹಣವನ್ನು ವೆಚ್ಚಮಾಡುವ ನಾವು, ನೆಲದಡಿಯ ಕೆಲಸವನ್ನು ಬಗ್ಗಿ ನೋಡುವುದಕ್ಕೂ ಬೇಸರಪಡುತ್ತೇವೆ. ಆ ಬೇಸರಕ್ಕೆ ತೆರಬೇಕಾದ ದಂಡವು ಎಷ್ಟೆಂಬುದನ್ನು ನಾವು ಸ್ವಾನುಭವದಿಂದಲೇ ಅರಿತೆವು. ವಾಚಕರಿಗೆ ಅದು ತಪ್ಪಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ತಾಯಿಯವರ ಕೀಲುನೋವಿಗೆ ಬಿಸಿನೀರಿನಲ್ಲಿ ಕುಳಿತಿರುವುದು ಹಿತವೆಂದು ಸ್ನಾನದ ತೊಟ್ಟಿಯೊಂದನ್ನು ತರಿಸಿದೆವು. ತೊಟ್ಟಿಯ ತೂಬು ಒಂದು ಕಡೆ, ಕಾಂಕ್ರೀಟ್ ನೆಲದಲ್ಲಿದ್ದ ತೂಬು ಮತ್ತೊಂದು ಕಡೆ. ನಡುವೆ 3 ಅಡಿ ಅಂತರ. ಮೇಸ್ತ್ರಿಯವರು ಎರಡೇ ದಿನದಲ್ಲಿ ನೆಲವನ್ನೊಡೆದು, ಕೊಳವೆ ಹೂಡಿ, ಮುಚ್ಚಿ, ಬಿಲ್ಲೆಗಳನ್ನೂ ಕೂರಿಸಿದರು. ಬೇಗನೆ ಮುಗಿಯಿತೆಂದು ನಾವು ಹರ್ಷಪಟ್ಟೆವು. ತಿಂಗಳು ತುಂಬುವುದರೊಳಗೆ ಪಕ್ಕದ ಕೋಣೆಯ ಗೋಡೆಗೆ ತೇವವೇರಿತು. ತೊಟ್ಟಿಯ ನೀರು ಗುಳುಗುಳು ಸದ್ದುಮಾಡುತ್ತ ನಿಂತು ನಿಂತು ಇಳಿಯತೊಡಗಿತು. ತಾಯಿಯವರು, "ನನ್ನ ದೆಸೆಯಿಂದ ಮನೆ ಕೆಟ್ಟಿತಲ್ಲಪ್ಪ" ಎಂದು ನೊಂದುಕೊಂಡರು. ಹಣದ ನಷ್ಟಕ್ಕಿಂತಲೂ ನಮಗೆ ಆ ಮಾತೇ ಹೆಚ್ಚಾಗಿ ನಾಟಿತು.

ಪುನಃ ಒಡೆಸಿದಾಗ ಮೂರು ತಪ್ಪುಗಳು ಕಂಡುಬಂದವು. ಮೊದಲನೆಯದು, ಕೊಳವೆಗೆ ವಾಟವೇ ಇರಲಿಲ್ಲ. ಇಂತಹ ಸಣ್ಣ ಕೊಳವೆಗೆ ಅಡಿಯೊಂದಕ್ಕೆ ಕಾಲು ಅಂಗುಲದಂತೆ ಇಳಿಜಾರಿರಬೇಕು. 3 ಅಡಿಗೆ ಮುಕ್ಕಾಲು ಅಂಗುಲ. ಇಲ್ಲದಿದ್ದರೆ ಸಾಬೂನಿನ ಜಿಡ್ಡೂ ಕೂದಲೂ ತಂಗಿ ದಾರಿ ಕಟ್ಟುತ್ತದೆ. ಆದಕಾರಣ ಹಳೆಯ ಕೊಳವೆಯು ಇಷ್ಟು ವಾಟ ದೊರೆಯುವಷ್ಟು ಆಳದಲ್ಲಿದೆಯೇ ಎಂಬುದನ್ನು ಮೊದಲೇ ಅಳೆಯತಕ್ಕದ್ದು.

ಎರಡನೆಯದು, ಹಳೆಯ ಟ್ರ್ಯಾಪನ್ನು ತೆಗೆಯದೆಯೇ ಹೊಸ ಟ್ರ್ಯಾಪನ್ನು ಅದಕ್ಕೆ ಕೂಡಿಸಿದ್ದರು. ಟ್ರ್ಯಾಪೆಂಬುದು ಬಾಗಿದ ಕೊಳವೆ. ಅದರಲ್ಲಿ ಸುಮಾರು 2 ಅಂಗುಲ ನೀರು ಸದಾ ನಿಂತು, ಚರಂಡಿಯ ದುರ್ವಾಯುವು ಮನೆಯೊಳಗೆ ಬಾರದಂತೆ ತಡೆಯುತ್ತದೆ. ಒಂದು ತೂಬಿಗೆ ಒಂದೇ ಸಾಕು. ಒಂದರ ಹಿಂದೊಂದು ಎರಡಿದ್ದರೆ ನಡುವೆ ಗಾಳಿ ಸಿಕ್ಕಿಕೊಂಡು ನೀರಿಗೆ ಅಡ್ಡಿಯಾಗುತ್ತದೆ. ಮೂರನೆಯದು, ಒಂದು ಸಂದು ಒಸರುತ್ತಿತ್ತು.

ಮೂರನ್ನೂ ಮುಚ್ಚುವ ಮುನ್ನವೇ ಕಾಣಬಹುದಾಗಿತ್ತು. ಎರಡನೆಯ ಸಲ ಹಾಗೆಯೇ ಮಾಡಿಸಿದೆವು. ಕೊಳವೆಯ ಕೆಳತುದಿಯನ್ನು ಬಿಗಿದು, ನೀರು ತುಂಬಿಸಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಪ್ರತಿಯೊಂದು ಸಂದನ್ನೂ ಒಣಬಟ್ಟೆಯಿಂದ ಒರೆಸಿ ನೋಡಿದೆವು. ಬಳಿಕ ಬಿರಡೆ ತೆಗೆಸಿ, ತೊಟ್ಟಿಯನ್ನು ತಾತ್ಕಾಲಿಕವಾಗಿ ಜೋಡಿಸಿ, ತುಂಬಾ ನೀರು ಬಿಟ್ಟು ಒಮ್ಮೆಲೇ ಹರಿಸಿದೆವು. ಆ ಮೇಲೆಯೇ ಕೊಳವೆಯ ಸುತ್ತ ಮರಳು ತುಂಬಿ, ಒಡೆದ ಭಾಗಕ್ಕೆ ಕಾಂಕ್ರೀಟ್ ಹಾಕಿಸಿ, 7 ದಿನ ನೀರುಣಿಸಿ ತೇವವಾಗಿಟ್ಟೆವು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯುಂಟು. ನಮ್ಮದು ಮಣ್ಣಿನ ಮೇಲೆ ಹಾಸಿದ ನೆಲ. ಆದುದರಿಂದ ಒಡೆಯುವುದು ಸಾಧ್ಯವಾಯಿತು. ಅಲ್ಲಿಯೂ ನೀರಿನ ಕೊಳವೆ, ವಿದ್ಯುತ್ತಿನ ತಂತಿಗಳು ಎಲ್ಲಿವೆಯೆಂದು ತಿಳಿದ ಮೇಲೆಯೇ ಸುತ್ತಿಗೆ ಎತ್ತಬೇಕು. ಮಹಡಿಯ ನೆಲವಾದರೋ ಕೆಳಗಿನವರ ತಲೆಯ ಮೇಲಿನ ಮಾಳಿಗೆ. ಅದರೊಳಗಿನ ಉಕ್ಕಿನ ಕಂಬಿಗಳೇ ಭಾರವನ್ನು ಹೊರುತ್ತವೆ. ಕೆಲವು ಕಟ್ಟಡಗಳಲ್ಲಿ ಬಿಗಿದೆಳೆದ ಉಕ್ಕಿನ ಹಗ್ಗಗಳೇ ಇದ್ದು, ಅವನ್ನು ಕತ್ತರಿಸಿದರೆ ಪ್ರಾಣಾಪಾಯವುಂಟು. ಈಗಿನ ಬಹುಮಹಡಿಯ ಅನೇಕ ಮನೆಗಳಲ್ಲಿ ಬಚ್ಚಲಿನ ನೆಲವನ್ನು ತಗ್ಗಿಸಿ, ಕೊಳವೆಗಳನ್ನು ಮೇಲಿನ ತುಂಬುವಿನಲ್ಲಿಯೇ ಹೂಡಿರುತ್ತಾರೆ. ಅಲ್ಲಿ ತೂಬನ್ನು ಸರಿಸಬಹುದಾದರೂ, ನೀರು ಸೋರದಂತೆ ಬಳಿದ ಪದರವು ಹರಿದರೆ ಕೆಳಮನೆಯವರ ಸೂರು ತೊಟ್ಟಿಕ್ಕುವುದು. ಇಂತಹ ಕಡೆ ಇಂಜಿನಿಯರರ ಒಪ್ಪಿಗೆಯಿಲ್ಲದೆ ಉಳಿಯನ್ನು ಮುಟ್ಟಿಸಕೂಡದು.

ಕೆಲಸಗಾರರನ್ನು ಹಳಿಯುವುದು ಸುಲಭ. ಆದರೆ "ಬೇಗ ಮುಗಿಸಿ" ಎಂದು ಅವಸರಪಡಿಸಿದವರು ನಾವೇ ಅಲ್ಲವೇ? ಒಂದು ರಾತ್ರಿ ಕಾಯುವ ತಾಳ್ಮೆಯು ಗೃಹಸ್ಥನಲ್ಲಿದ್ದರೆ, ನೆಲವನ್ನು ಎರಡು ಸಲ ಒಡೆಯುವ ಪ್ರಮೇಯವೇ ಬರುವುದಿಲ್ಲ. ತಾಯಿಯವರು ಈಗ ನಿಶ್ಚಿಂತೆಯಿಂದ ಸ್ನಾನಮಾಡುತ್ತಿದ್ದಾರೆ, ಗೋಡೆಯೂ ಒಣಗಿದೆ.